ಅವಳು ನಿಲ್ಲಿಸಿದ ಕಡೆ

ಮುದ್ರಣಾಲಯದಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವರು ಚುಕ್ಕಿ ಮಾಮ. ಮೂವತ್ತೊಂದು ವರ್ಷ ಕರಡು ತಿದ್ದಿದ ಮನುಷ್ಯ. ಪೂರ್ಣವಿರಾಮ ಇಲ್ಲದ ಸಾಲು ಕಂಡರೆ ಗುಂಡಿ ಹಾಕದ ಅಂಗಿ ಕಂಡಷ್ಟು ಇರುಸುಮುರುಸು. ಇನ್ನೊಂದು ನಿಯಮವೂ ಅವರದ್ದೇ: ಕೊನೆಯ ಕರಡಿಗೆ ಸಹಿ ಬಿದ್ದ ಕೂಡಲೇ ಹಸ್ತಪ್ರತಿಯನ್ನು ಹರಿದು ರದ್ದಿಗೆ ಹಾಕಬೇಕು. ಎರಡು ಪ್ರತಿ ಇಟ್ಟುಕೊಂಡರೆ ಆಮೇಲೆ ತಕರಾರು ತಪ್ಪಿದ್ದಲ್ಲ ಅನ್ನುತ್ತಿದ್ದರು. ಆ ನಿಯಮವೇ ಕೊನೆಗೆ ಅವರ ಕೊರಳಿಗೆ ಸುತ್ತಿಕೊಂಡಿತು.

ಅವರ ಹೆಂಡತಿ ಅಡುಗೆಮನೆಯ ಕಿಟಕಿ ಪಕ್ಕ ಕೂತು, ಗಂಡನಿಗೂ ತೋರಿಸದೆ, ಪೆನ್ಸಿಲಿನಲ್ಲಿ ನಲವತ್ತು ಪದ್ಯ ಬರೆದಿಟ್ಟಿದ್ದಳು. ಗಂಟಲಿನ ಗಡ್ಡೆ ತೆಗೆದು ಮಾತು ಹೋಯಿತು; ಆಮೇಲೆ ಡಾಕ್ಟರೂ ಕೈಚೆಲ್ಲಿದರು. ಆಗ ಆ ನೋಟ್‌ಬುಕ್ಕನ್ನು ಗಂಡನ ಮಡಿಲಿಗೆ ಹಾಕಿ ಸ್ಲೇಟಿನ ಮೇಲೆ ಬರೆದಳು: "ಪುಸ್ತಕ ಮಾಡಿ ನೋಡಿ ಹೋಗ್ತೀನಿ"

ಚುಕ್ಕಿ ಮಾಮ ಪ್ರೀತಿಯಿಂದಲೇ ತಿದ್ದಿದರು, ಕೆಟ್ಟಿದ್ದು ಅಲ್ಲೇ. ಪದ್ಯಗಳಲ್ಲಿ ಚಿಹ್ನೆಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪದಗಳ ನಡುವೆ ಅಲ್ಲಲ್ಲಿ ಖಾಲಿ ಜಾಗ, ಎಲ್ಲೋ ಒಂದು ಗೆರೆ. ಪಾಪ, ಇವಳಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು ಅಂದುಕೊಂಡು ಜಾಗಗಳನ್ನು ಮುಚ್ಚಿದರು, ಸಾಲುಸಾಲಿಗೂ ವಿರಾಮ ಕೊಟ್ಟರು, ಸಹಿ ಹಾಕಿದರು, ನೋಟ್‌ಬುಕ್ ಹರಿದರು.

ಅಚ್ಚಾದ ಮೊದಲ ಹಾಳೆಯನ್ನು ಬೆಳಗ್ಗೆ ಅವಳ ಮುಂದೆ ಹಿಡಿದಾಗ ಅವಳು ಎರಡು ಸಲ ಓದಿ ಪಕ್ಕಕ್ಕೆ ತಳ್ಳಿದಳು. ಸ್ಲೇಟು ಎಳೆದುಕೊಂಡು ಬರೆದಳು: "ಇದು ನಂದಲ್ಲ ನಾನು ಇಷ್ಟು ಸಲ ನಿಲ್ಲೋಳಲ್ಲ"

ಚುಕ್ಕಿ ಮಾಮ ಚಪ್ಪಲಿ ಮೆಟ್ಟುವುದನ್ನೂ ಮರೆತು ಮುದ್ರಣಾಲಯಕ್ಕೆ ಓಡಿದರು. ರದ್ದಿ ಆಗಲೇ ಗಾಡಿ ಹತ್ತಿ ಹೋಗಿತ್ತು.

"ಮಾಮ, ನಾಳೆ ಬೆಳಗ್ಗೆವರೆಗೆ ಮಿಷನ್ ತಡೀತೀನಿ," ಅಂದ ಮಿಷನ್ ಓಡಿಸುವವನು. "ಆದ್ರೆ ಯಾವ ಚುಕ್ಕಿ ಕೀಳ್ಬೇಕು, ಯಾವ್ದು ಬಿಡ್ಬೇಕು, ನೀವೇ ಹೇಳ್ಬೇಕು."

"ಅವಳು ಎಲ್ಲೆಲ್ಲಿ ಜಾಗ ಬಿಟ್ಟಿದ್ಲೋ ನನಗೇ ನೆನಪಿಲ್ವಲ್ಲಪ್ಪ!" ಅಂದವರೇ ಆ ಕೋಣೆಯಲ್ಲಿ ಮೊದಲ ಸಲ ಅತ್ತುಬಿಟ್ಟರು.

ಮನೆಗೆ ಬರುವಷ್ಟರಲ್ಲಿ ಅವಳಿಗೆ ಬಳಪ ಹಿಡಿಯುವ ತ್ರಾಣವೂ ಇರಲಿಲ್ಲ. ಚುಕ್ಕಿ ಮಾಮ ಕರಡಿನ ಹಾಳೆಗಳನ್ನು ಮುಂದಿಟ್ಟುಕೊಂಡು, ಅವಳ ಕೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಕೂತರು.

"ನಾನು ಓದ್ತಾ ಹೋಗ್ತೀನಿ ಕಣೇ. ನೀನು ಎಲ್ಲಿ ನಿಲ್ಸಿದ್ಯೋ ಅಲ್ಲಿ ಅದುಮು. ನೀನು ಅದುಮೋವರೆಗೂ ನಾನು ನಿಲ್ಲಲ್ಲ, ಉಸಿರು ಕಟ್ಟಿದ್ರೂ ಸರಿ."

ಮೊದಲ ಪದ್ಯದಲ್ಲಿ ಅವರ ಒಂಬತ್ತು ಚುಕ್ಕಿಗಳೂ ಹೋದವು. ಅವಳು ಅದುಮಿದ್ದು ಒಂದೇ ಕಡೆ, 'ತೊಟ್ಟಿಲು' ಅನ್ನುವ ಮಾತಾದ ಮೇಲೆ. ಅದುಮಿದವಳು ಬಹಳ ಹೊತ್ತು ಬಿಡಲಿಲ್ಲ. ಮೂರೇ ದಿನ ಬದುಕಿದ ಮಗುವಿನ ಮಾತನ್ನು ಆ ಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಇಬ್ಬರೂ ಎತ್ತಿರಲಿಲ್ಲ. ಅಲ್ಲಿ ಅವರೊಂದು ಅಲ್ಪವಿರಾಮ ಹಾಕಿ ಮುಂದೆ ಹೋಗಿದ್ದರು. ನಾಚಿಕೆಯಿಂದ ಅವರಿಗೆ ತಲೆ ಎತ್ತಲಾಗಲಿಲ್ಲ.

ಸಂಜೆಯ ಹೊತ್ತಿಗೆ ಹನ್ನೊಂದು ಪದ್ಯ ಮುಗಿದವು. ಅವಳು ಅದುಮುವುದು ಒಂದೊಂದು ಪದ್ಯಕ್ಕೂ ಹಗುರಾಗುತ್ತ ಬಂತು. ಇನ್ನೂ ಇಪ್ಪತ್ತೊಂಬತ್ತು ಉಳಿದಿದ್ದವು. "ಸ್ವಲ್ಪ ತಡ್ಕೋ, ಸ್ವಲ್ಪ," ಅಂತ ಅಂಗಲಾಚುತ್ತ ಹನ್ನೆರಡನೆಯದನ್ನು ಶುರು ಮಾಡಿದರು.

ಎರಡನೆಯ ಸಾಲಿನಲ್ಲೊಮ್ಮೆ ಬೆರಳು ಅಲುಗಿತು. ಆಮೇಲೆ ಮೂರನೆಯ ಸಾಲು ಹೋಯಿತು, ನಾಲ್ಕನೆಯದು ಹೋಯಿತು, ಪದ್ಯವೇ ಮುಗಿಯಿತು. ಅಂಗೈಯಲ್ಲಿದ್ದ ಬೆರಳುಗಳು ಸಡಿಲಾಗಿದ್ದವು. ಅವರಿಗೆ ಗೊತ್ತಾಯಿತು. ಗೊತ್ತಾದರೂ ಹಾಳೆ ತಿರುವಿ, ಉಸಿರೂ ತೆಗೆದುಕೊಳ್ಳದೆ ಹದಿಮೂರನೆಯದನ್ನು ಓದತೊಡಗಿದರು. ಅವಳು ಅದುಮುವವರೆಗೂ ನಿಲ್ಲುವುದಿಲ್ಲ ಅಂದಿದ್ದರಲ್ಲ.