ನನ್ನ ಸೈಕಲ್ಲಿನ ಸಪ್ಪಳ

ಬೆಳಗಿನ ಆ ಒಂದು ತಾಸು ನಾನು ಎಲ್ಲಿದ್ದೇನೆಂದು ಯಾರಿಗೂ ಗೊತ್ತಿರಬಾರದು. ಸೈಕಲ್ ಕೊಂಡದ್ದೇ ಅದಕ್ಕೆ. ಮೊಣಕಾಲಿಗೆ ಒಳ್ಳೆಯದು, ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಮನೆಯಲ್ಲಿ ಹೇಳಿದ್ದೆಲ್ಲ ನೆಪ. ನೌಕರಿ ಇದ್ದಷ್ಟು ಕಾಲ ಕಚೇರಿಗೂ ಮನೆಗೂ ನಿಮಿಷ ನಿಮಿಷದ ಜವಾಬು ಕೊಟ್ಟವಳು ನಾನು. ನಿವೃತ್ತಿಯಾದ ಮೇಲೆ ಹೈದರಾಬಾದಿನ ನಮ್ಮ ಮಣಿಕೊಂಡದ ಗಲ್ಲಿಗಳಲ್ಲಿ ಮನಸ್ಸು ಬಂದ ಕಡೆ ತಿರುಗಿ, ಒಂದು ಅಂಗಡಿ ಮುಂದೆ ನಿಂತು ಚಹಾ ಕುಡಿದು ಬರುತ್ತಿದ್ದೆ. ಯಾವ ಅಂಗಡಿ ಅಂತ ಗಂಡನಿಗೂ ಹೇಳಿರಲಿಲ್ಲ.

ನಮ್ಮ ಕಡೆಯವರು ಹೈದರಾಬಾದಿಗೆ ಬಂದು ಎಷ್ಟು ಕಾಲವಾದರೂ ದಸರೆಯ ಖಂಡೇಪೂಜೆ ಬಿಡುವುದಿಲ್ಲ. ಅಂದು ಮನೆಯ ಕತ್ತರಿ, ಈಳಿಗೆ, ಗಾಡಿ ಎಲ್ಲಕ್ಕೂ ಕುಂಕುಮ ಬೀಳಬೇಕು. ಆ ವರ್ಷ ಇವರು ತಮ್ಮ ಸ್ಕೂಟರಿನ ಜೊತೆ ನನ್ನ ಸೈಕಲ್ಲನ್ನೂ ತೊಳೆದರು. ಪಾನಾ ಹಿಡಿದು ಸೀಟು ಬಿಚ್ಚಿದರು.

"ಭಾಳ ಎತ್ತರ ಆಗೇತಿ. ಕಾಲು ನೆಲಕ್ಕ ಮುಟ್ಟಬೇಕು ನಿನಗ," ಅಂದರು.

ಮದುವೆಯಾದಾಗಿನಿಂದ ನನ್ನ ಒಂದು ಲೋಟವನ್ನೂ ತೊಳೆಯದ ಮನುಷ್ಯ! ನಾನು ಕರಗಿ ನೀರಾದೆ. ಅವತ್ತು ಹೋಳಿಗೆಗೆ ಒಂದು ಚಮಚ ತುಪ್ಪ ಹೆಚ್ಚೇ ಹಾಕಿದೆ.

ಸಪ್ಪಳ ಶುರುವಾದದ್ದು ಆಮೇಲೆ. ಸಪಾಟು ರಸ್ತೆಯಲ್ಲಿ ಏನೂ ಇಲ್ಲ. ತಗ್ಗು, ದಿಬ್ಬ, ಸ್ಪೀಡ್ ಬ್ರೇಕರ್ ಬಂದರೆ ಸಾಕು, ಗಿಲಕ್. ನಾಯಿಗಳು ತಲೆ ಎತ್ತಿ ನೋಡುತ್ತಿದ್ದವು. ಮೂಲೆಯ ರಿಪೇರಿಯವನು ಮಡ್‌ಗಾರ್ಡ್ ಬಿಗಿ ಮಾಡಿ, ಚೈನಿಗೆ ಎಣ್ಣೆ ಬಿಟ್ಟು, ಸ್ಟ್ಯಾಂಡ್ ಹಾಕಿ ಪೆಡಲ್ ತಿರುಗಿಸಿ, "ಕುಛ್ ಬೀ ನೈ ಅಮ್ಮಾ" ಅಂದ. ನಿಂತ ಸೈಕಲ್ ಸದ್ದು ಮಾಡಿದರೆ ತಾನೆ?

ಕೊನೆಗೆ ಇವರೇ ಆಟೋ ಟ್ರಾಲಿ ಮಾಡಿಕೊಂಡು ಅಮೀರ್‌ಪೇಟೆಯ ದೊಡ್ಡ ಅಂಗಡಿಗೆ ಕರೆದುಕೊಂಡು ಹೋದರು. ಕೈ ಹಿಂದೆ ಕಟ್ಟಿ ನಿಂತು, "ಬೇರಿಂಗ್ ಇರಬೇಕ್ ನೋಡ್ರಿ" ಅಂತ ಅಂಗಡಿಯವರಿಗೇ ಹೇಳಿಕೊಟ್ಟರು. ಬೇರಿಂಗೂ ಹೊಸದಾಯಿತು. ವಾಪಸು ಬಂದು ನಮ್ಮ ಅಪಾರ್ಟ್‌ಮೆಂಟಿನ ಗೇಟು ದಾಟುವಾಗ ಮತ್ತೆ ಗಿಲಕ್.

"ಹಳೇದಾದ್ರ ಹಂಗ. ಬಿಡು, ಅದರ ಪಾಡಿಗೆ ಅದು ಇರ್ಲಿ," ಅಂದರು.

ಒಂದು ಸಮಾಧಾನವಿತ್ತು. ಈಚೆಗೆ ನಾನು ಮೆಟ್ಟಿಲು ಹತ್ತಿ ಬರುವುದರೊಳಗೆ ಮನೆ ಬಾಗಿಲು ತೆರೆದಿರುತ್ತಿತ್ತು. ಬೆಲ್ ಒತ್ತುವ ಕೆಲಸವೇ ಇಲ್ಲ. ವಯಸ್ಸಾದ ಮೇಲಾದರೂ ಹೆಂಡತಿಯ ದಾರಿ ಕಾಯುತ್ತಾರಲ್ಲ ಅಂದುಕೊಂಡೆ. "ಇವತ್ತ ತಡಾ ಆತಲ್ಲ?" ಅಂತ ಕೇಳುವುದೂ ಪ್ರೀತಿಯೇ ಅನ್ನಿಸುತ್ತಿತ್ತು.

ಒಂದು ಭಾನುವಾರ ತಲೆ ಕೆಟ್ಟು, ಪಾರ್ಕಿಂಗಿನಲ್ಲಿ ಪಾನಾ ಹಿಡಿದು ಕೂತೆ. ಮುಂದಿನ ಚಕ್ರದಿಂದ ಹಿಡಿದು ಒಂದೊಂದೇ ಕಡೆ ಬಡಿಯುತ್ತ ಬಂದೆ. ಸೀಟಿನ ಕೆಳಗಿನ ಕೊಳವೆಗೆ ಬಡಿದಾಗ ಒಳಗಿನಿಂದ ಉತ್ತರ ಬಂತು. ಸೀಟು ಕಿತ್ತು ಸೈಕಲ್ಲನ್ನು ತಲೆಕೆಳಗು ಮಾಡಿ ಜಾಡಿಸಿದೆ. ಗ್ರೀಸ್ ಮೆತ್ತಿಕೊಂಡ ಬೆಳ್ಳಿಯ ಗೆಜ್ಜೆಸರ ಸಿಮೆಂಟಿನ ಮೇಲೆ ಬಿತ್ತು. ಕೊಂಡಿಗೆ ನಾನೇ ಸುತ್ತಿದ ನೀಲಿ ದಾರ ಇನ್ನೂ ಹಾಗೇ ಇತ್ತು.

ನನ್ನ ಮದುವೆಯ ಕಾಲ್ಗೆಜ್ಜೆ. ನೌಕರಿಗೆ ಸೇರಿದ ಹೊಸದರಲ್ಲಿ, ಕಚೇರಿಯಲ್ಲಿ ಮಂದಿ ನಗುತ್ತಾರೆ, ತೆಗೆಯುತ್ತೇನೆ ಅಂತ ಅತ್ತೆಯ ಮುಂದೆ ಕಣ್ಣೀರು ಹಾಕಿದ್ದೆ. "ನಗ್ಲಿ ಬಿಡು. ಮನಿ ಸೊಸಿ ಎಲ್ಲಿ ಅದಾಳಂತ ನಮಗ ಗೊತ್ತಾಗಬೇಕು," ಅಂದಿದ್ದರು. ಅವರು ಕಣ್ಣು ಮುಚ್ಚಿದ ಮೇಲೆಯೇ ಅದನ್ನು ಬಿಚ್ಚಿ ದೇವರಮನೆಯ ಡಬ್ಬಿಗೆ ಹಾಕಿದ್ದೆ. ಈಗ ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ನನ್ನ ಗತಿ. ಮೈಯೆಲ್ಲ ಉರಿದುಹೋಯಿತು.

ಇವರು ಪೇಪರ್ ಓದುತ್ತಿದ್ದರು. ಗೆಜ್ಜೆಯನ್ನು ಅದರ ಮೇಲೇ ಇಟ್ಟೆ.

"ಇದೇನ್ರಿ?"

ಅಲ್ಲ ಅನ್ನಲಿಲ್ಲ. "ಈ ಊರಿನ ಟ್ರಾಫಿಕ್ ನೋಡೀ ಇಲ್ಲ? ಫೋನ್ ಮಾಡಿದ್ರ ನೀ ಎತ್ತಂಗಿಲ್ಲ. ಗೇಟಿನಾಗ ಸಪ್ಪಳ ಕೇಳಿದ್ರ, ಬಂದ್ಳಪ್ಪಾ ಅಂತ ಜೀವಕ್ಕ ಸಮಾಧಾನ."

"ಹಂಗಾದ್ರ ಅಮೀರ್‌ಪೇಟೆ ತನಕ ನನ್ನ ಜೋಡಿ ಯಾಕ ಬಂದ್ರಿ?"

ಗೆಜ್ಜೆಯನ್ನು ಪಕ್ಕಕ್ಕೆ ಸರಿಸಿ ಪುಟ ತಿರುವಿದರು. ಬಾಗಿಲು ತಾನಾಗಿ ಯಾಕೆ ತೆರೆಯುತ್ತಿತ್ತು ಅನ್ನುವುದೂ ಆಗ ಹೊಳೆಯಿತು. ಗಾಬರಿಯಾಗಿದ್ದರೆ ಗಾಬರಿ ಅಂತ ಹೇಳಬಹುದಿತ್ತು. ಎತ್ತಿಗೆ ಕಟ್ಟಿದ ಹಾಗೆ ಗಂಟೆ ಕಟ್ಟಿ, ಅದರ ಸದ್ದು ಹುಡುಕಲು ನನ್ನ ಜೊತೆಗೇ ಬಂದರಲ್ಲ, ಅದನ್ನು ನಾನು ಕ್ಷಮಿಸಿಲ್ಲ.

ಮರುದಿನ ಅದನ್ನು ತೊಳೆದು ಅವರ ಸ್ಕೂಟರಿನ ಹಿಡಿಕೆಗೆ ಕಟ್ಟಿದೆ. ತರಕಾರಿಗೆಂದು ಇಳಿದವರು ಎರಡೇ ನಿಮಿಷದಲ್ಲಿ ಗೆಜ್ಜೆ ಹಿಡಿದುಕೊಂಡು ಮೇಲೆ ಬಂದರು.

"ತಲಿಗಿಲಿ ಕೆಟ್ಟೈತೇನು? ಮಂದಿ ನಗ್ತಾರ!"

"ನಗ್ಲಿ ಬಿಡ್ರಿ," ಅಂದೆ. "ಮನಿ ಯಜಮಾನ್ರು ಎಲ್ಲಿ ಅದಾರಂತ ನನಗ ಗೊತ್ತಾಗಬೇಕು."

ಅದು ಯಾರ ಮಾತೆಂದು ಅವರಿಗೆ ತಿಳಿಯಿತು. ಚಪ್ಪಲಿ ಸ್ಟ್ಯಾಂಡಿನ ಮೇಲೆ ಗೆಜ್ಜೆ ಎಸೆದು ಇಳಿದುಹೋದರು.

ಈಗ ಸೈಕಲ್ಲಿನಲ್ಲಿ ಸಪ್ಪಳವಿಲ್ಲ. ಬಾಗಿಲೂ ತೆರೆದಿರುವುದಿಲ್ಲ. ಬೆಲ್ ಒತ್ತಿ ನಿಲ್ಲುತ್ತೇನೆ. ಒಳಗೆ ಅವರ ಚಪ್ಪಲಿಯ ಸದ್ದು ಬಾಗಿಲವರೆಗೂ ಬರುತ್ತದೆ. ಬಂದು ಅಲ್ಲೇ ನಿಲ್ಲುತ್ತದೆ. ಚಿಲಕ ತೆಗೆಯಲು ಅವರಿಗೆ ಸುಮಾರು ಹೊತ್ತು ಬೇಕಾಗುತ್ತದೆ.