ಪ್ಲಾಸ್ಟಿಕ್ ಹುಲ್ಲಿನ ಮೇಲೆ ಒಂದು ಗೆರೆ

ನವೆಂಬರ್ ೧೬, ಭಾನುವಾರ. ಬೆಳಿಗ್ಗೆ ಏಳು ಹತ್ತಕ್ಕೆ ಬರೆಯಲು ಕುಳಿತಿದ್ದೇನೆ.

ಇಯಾನ್ ಎಂದರೆ ನನಗೆ ಮೊದಲು ನೆನಪಾಗುವುದು ಅವನ ಬಲಗಾಲಿನ ಹಿಮ್ಮಡಿ. ಅವನು ಫುಟ್‌ಬಾಲ್ ಗೋಲ್‌ಕೀಪರ್. ಆಟ ಶುರುವಾಗುವ ಮುನ್ನ ಗೋಲಿನ ನಟ್ಟನಡುವೆ ನಿಂತು, ಹಿಮ್ಮಡಿಯಿಂದ ನೆಲ ಕೆರೆದು ಮುಂದಕ್ಕೊಂದು ಗೆರೆ ಎಳೆಯುತ್ತಿದ್ದ. ಆ ಗೆರೆ ಕಂಡರೆ ಸಾಕು, ಬೆನ್ನ ಹಿಂದಿನ ಎರಡು ಕಂಬಗಳು ಎಲ್ಲಿವೆಯೆಂದು ಅವನಿಗೆ ಗೊತ್ತಾಗುತ್ತಿತ್ತು. "ಕೀಪರ್ ಹಿಂದೆ ತಿರುಗಿ ನೋಡಿದ ಅಂದ್ರೆ ಅವನ ಕಥೆ ಮುಗೀತು" ಎನ್ನುತ್ತಿದ್ದ. ಅವನ ಇಂಗ್ಲಿಷನ್ನೂ ಅವನೊಡನೆ ನಾವಾಡಿದ್ದನ್ನೂ ನನ್ನ ಡೈರಿಯಲ್ಲಿ ಹೀಗೇ ಕನ್ನಡಕ್ಕೆ ಇಳಿಸಿಕೊಂಡಿದ್ದೇನೆ.

ಇಂಗ್ಲೆಂಡಿನ ಉತ್ತರದ ಒಂದು ಬಂದರಿನವನು, ಮೂವತ್ನಾಲ್ಕು ವರ್ಷ. ಅಲ್ಲಿನ ಕ್ಲಬ್ಬುಗಳು ಬೇಡವೆಂದ ಮೇಲೆ ಡಾಲಸ್‌ನ ಸಣ್ಣ ಕ್ಲಬ್ಬೊಂದಕ್ಕೆ ಬಂದಿದ್ದ. ಬಲಭುಜದ ಕೀಲು ತಪ್ಪಿ ಮೂಲೆಗೆ ಕೂತಾಗ ಅದೂ ಕೈಬಿಟ್ಟಿತು. ವೀಸಾ ಕ್ಲಬ್ಬಿನ ಹೆಸರಿನಲ್ಲಿತ್ತು. ಬೇರೆ ಕ್ಲಬ್ಬು ಸಿಗದಿದ್ದರೆ ದೇಶ ಬಿಡಬೇಕು. ಬಾಡಿಗೆ ಕಡಿಮೆಯೆಂದು, ಡಾಲಸ್ ಹೊರವಲಯದ ಫ್ಲವರ್ ಮೌಂಡ್‌ನಲ್ಲಿ ರೂಮು ಬಾಡಿಗೆಗೆ ಕೊಡುವ ಸುಮಾ ಆಂಟಿಯ ಮನೆಗೆ ಬಂದ. ಪಕ್ಕದ ರೂಮಿನಲ್ಲಿ ನಾನಿದ್ದೆ, ಎಂ.ಎಸ್. ಓದುತ್ತ. ಕೆಲಸದ ಜೊತೆ ವೀಸಾವೂ ಹೋಗುವುದೆಂದರೇನು ಎಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಗ್ಯಾರೇಜಿನ ಬಾಗಿಲೇ ಅವನ ಗೋಲ್. ನಾನು ಒದೆಯುತ್ತಿದ್ದೆ, ಅವನು ಹಿಡಿಯುತ್ತಿದ್ದ. ಹಿಡಿದದ್ದು, ಬಿಟ್ಟದ್ದು ಎರಡನ್ನೂ ಬರೆದಿಡುತ್ತಿದ್ದೆ; ಬಲಗಡೆಯ ಚೆಂಡುಗಳಿಗೆ ಬೇರೆ ಸಾಲು. ಎರಡೇ ವಾರಕ್ಕೆ ಬಡಾವಣೆಯ ಮನೆ ಮಾಲೀಕರ ಸಂಘದಿಂದ, ಅಂದರೆ ಎಚ್‌ಒಎಯಿಂದ, ನೋಟಿಸ್ ಬಂತು.

"ಏನಪ್ಪಾ ಇಯಾನ್, ಎಚ್‌ಒಎ ಲೆಟರ್ ಬಂದಿದೆ. ದಿನಾ ಬಾಗ್ಲು ಡಬಡಬ ಅನ್ನತ್ತಂತೆ," ಎಂದರು ಆಂಟಿ.

"ನಾನು ಹಿಡಿದ ಚೆಂಡಿಗೆ ಸದ್ದಿಲ್ಲ ಆಂಟಿ. ನನ್ನ ದಾಟಿ ಹೋದದ್ದಕ್ಕೆ ಮಾತ್ರ."

"ಹಾಗಿದ್ರೆ ಎಲ್ಲಾನೂ ಹಿಡಿ. ನನಗೆ ಫೈನ್ ಉಳಿಯತ್ತೆ."

ಟೆಕ್ಸಸ್ಸಿನ ಬಿಸಿಲಿಗೆ ಅವನು ಹೊಂದಿಕೊಂಡ, ಆಂಟಿಯ ಸಾರಿಗೂ ಹೊಂದಿಕೊಂಡ. ಇಲ್ಲಿನ ಮೈದಾನಗಳ ಪ್ಲಾಸ್ಟಿಕ್ ಹುಲ್ಲಿಗೆ ಮಾತ್ರ ಆಗಲಿಲ್ಲ. ಅವನೂರಿನ ಕೆಸರಿನಲ್ಲಿ ಹಿಮ್ಮಡಿ ಸಲೀಸಾಗಿ ಇಳಿಯುತ್ತಿತ್ತು. ಇಲ್ಲಿ ಎಷ್ಟು ಕೆರೆದರೂ ಹುಲ್ಲು ಮತ್ತೆ ನೆಟ್ಟಗಾಗುತ್ತಿತ್ತು. ಒಂದು ಶುಕ್ರವಾರ ಆಂಟಿ ಹೊಸಿಲ ಮುಂದೆ ರಂಗೋಲಿ ಎಳೆಯುವುದನ್ನು ಕುಕ್ಕರಗಾಲಲ್ಲಿ ಕೂತು ನೋಡಿದ.

"ಉಜ್ಜಿದರೆ ಹೋಗುತ್ತಾ ಇದು?"

"ಕಾಲಲ್ಲಿ ಒರೆಸಿದ್ರೂ ಹೋಗತ್ತೆ. ಯಾಕೆ, ನೀನೂ ಹಾಕ್ತೀಯಾ?"

"ಒಂದೇ ಗೆರೆ, ಆಂಟಿ."

ಪಕ್ಕದೂರು ಕಾಪೆಲ್‌ನ ಇಂಡಿಯನ್ ಅಂಗಡಿಯಿಂದ ಆಂಟಿ ಅವನಿಗೊಂದು ರಂಗೋಲಿ ಪುಡಿಯ ಪ್ಯಾಕೆಟ್ ತಂದುಕೊಟ್ಟರು. ಅಂದಿನಿಂದ ಗ್ಯಾರೇಜಿನ ಮುಂದೆ ದಿನವೂ ಒಂದು ಬಿಳಿ ಗೆರೆ. ಮೈದಾನದಲ್ಲಿ ಗುರುತು ಹಾಕುವಂತಿಲ್ಲ. ಹಿಮ್ಮಡಿಯ ಗೆರೆಯನ್ನು ರೆಫ್ರಿಗಳು ಕಂಡೂ ಕಾಣದಂತೆ ಬಿಡುತ್ತಾರೆ, ಈ ಪುಡಿಯನ್ನು ಬಿಡುತ್ತಾರೆಯೇ ಎಂದು ಕೇಳಿದೆ. "ಒಂದು ಚಿಟಿಕೆ. ಯಾರು ನೋಡ್ತಾರೆ?" ಎಂದ.

ಆಸ್ಟಿನ್‌ನ ಕ್ಲಬ್ಬೊಂದು ಅವನನ್ನು ಆಡಿಸಿ ನೋಡಲು ಕರೆಯಿತು. ನಾನೇ ಡ್ರೈವ್ ಮಾಡಿಕೊಂಡು ಹೋದೆ. ದಾರಿಯುದ್ದಕ್ಕೂ ಪ್ಯಾಕೆಟ್ ಅವನ ತೊಡೆಯ ಮೇಲಿತ್ತು. ಮೊದಲರ್ಧದಲ್ಲಿ ಗೆರೆ ಇತ್ತು, ಒಂದು ಚೆಂಡೂ ಅವನನ್ನು ದಾಟಲಿಲ್ಲ. ಎರಡನೆಯ ಅರ್ಧಕ್ಕೆ ತಂಡಗಳು ಕಡೆ ಬದಲಿಸಿದವು. ಹೊಸ ಗೋಲಿನಲ್ಲಿ ಅವನು ಬಗ್ಗಿ ಪುಡಿ ಬಿಡುವುದು ರೆಫ್ರಿಯ ಕಣ್ಣಿಗೆ ಬಿತ್ತು. ಆತ ಬಂದು ಬೂಟಿನಲ್ಲಿ ಒರೆಸಿ ಹಳದಿ ಕಾರ್ಡ್ ತೋರಿಸಿದ.

ಆಮೇಲೆ ಇಯಾನ್ ಹಿಂದೆ ತಿರುಗಿ ನೋಡತೊಡಗಿದ. ಒಮ್ಮೆ, ಮತ್ತೊಮ್ಮೆ. ನಾನು ಬರೆಯುವುದನ್ನು ನಿಲ್ಲಿಸಿದೆ. ಬಲಗಡೆಗೆ ಬಂದ ಚೆಂಡಿಗೆ ಹಾರಿದ. ಕಂಬ ಅವನೆಣಿಸಿದ್ದಕ್ಕಿಂತ ಹತ್ತಿರವಿತ್ತು. ಭುಜ ಬಡಿದ ಸದ್ದು ನಾನು ಕೂತಲ್ಲಿಗೆ ಕೇಳಿಸಿತು. ಚೆಂಡು ಕಂಬದಾಚೆ ಹೊರಗೆ ಹೋಯಿತು. ಅದಕ್ಕೆ ಹಾರಬೇಕಾಗಿಯೇ ಇರಲಿಲ್ಲ.

ತೋಳನ್ನು ಕುತ್ತಿಗೆಗೆ ಕಟ್ಟಿಕೊಂಡು ಕೆಲವು ದಿನ ಮನೆಯಲ್ಲಿದ್ದ. ಒಂದು ಬೆಳಿಗ್ಗೆ ಡಾಲಸ್‌ನಲ್ಲಿ ಹೂಸ್ಟನ್ ಬಸ್ಸಿಗೆ ಬಿಟ್ಟೆ. ಹೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಹಳೆಯ ಜೊತೆಗಾರನೊಬ್ಬನಿದ್ದಾನೆ, ಎರಡು ದಿನ ಅಲ್ಲಿದ್ದು ಹೂಸ್ಟನ್ನಿನಿಂದಲೇ ಊರಿಗೆ ವಿಮಾನ ಎಂದ.

"ಊರಲ್ಲಿ ಏನು ಮಾಡ್ತೀಯಾ?"

"ಕೆಸರಿದೆಯಲ್ಲ," ಎಂದ.

ಮರಳಿದಾಗ ಆಂಟಿ ಡ್ರೈವ್‌ವೇಯಲ್ಲಿ ನಿಂತಿದ್ದರು. ಗ್ಯಾರೇಜಿನ ಮುಂದಿನ ಗೆರೆಯನ್ನು ಅವನು ಹೊರಡುವ ಮುನ್ನ ಒಂದೇ ಕೈಯಲ್ಲಿ ಪೈಪ್ ಹಿಡಿದು ತೊಳೆದಿದ್ದ. "ಇರ್ಲಿ ಬಿಡು ಅಂದೆ ಕಣೋ, ಕೇಳ್ಲಿಲ್ಲ," ಎಂದರು.

ಅವನ ಫೋನು ಅಂದಿನಿಂದ ಹತ್ತುತ್ತಿಲ್ಲ. ಅವನು ಕೊಟ್ಟಿದ್ದ ನಂಬರಿಗೆ ಮಾಡಿದರೆ, ಆ ಜೊತೆಗಾರ ಇಯಾನ್ ತನ್ನ ಮನೆಗೆ ಬಂದೇ ಇಲ್ಲವೆಂದ.

ಬಲಭುಜ ತುಸು ಇಳಿದಿರುವ ಎತ್ತರದ ಇಂಗ್ಲಿಷಿನವನೊಬ್ಬ ಯಾವುದಾದರೂ ಮೈದಾನದಲ್ಲಿ ಹಿಮ್ಮಡಿಯಿಂದ ನೆಲ ಕೆರೆಯುವುದನ್ನು ಕಂಡವರಿದ್ದರೆ ನನಗೆ ಬರೆಯಿರಿ. ಅಲ್ಲಿ ಗೆರೆ ಮೂಡುತ್ತದೆಯೇ, ಅಷ್ಟು ತಿಳಿಸಿದರೂ ಸಾಕು.