ಕೆಳತೋಳಿನ ಅರ್ಧ ನೂಲು

ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯ ಹಿಂದೆ, ಒಂದು ಹೊಂಗೆಮರದ ಕೆಳಗೆ, ಬಡಗಿ ಮುನಿಆಂಜನಪ್ಪನವರ ಕೆಲಸದ ಕೊಟ್ಟಿಗೆಯಿತ್ತು. ವರ್ಷವಿಡೀ ಅವರು ಬಾಗಿಲು, ಮಂಚ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ಊರ ಗುಡಿಗೆ ಆಳೆತ್ತರದ ಒಂದು ಬಿಲ್ಲು. ವಿಜಯದಶಮಿಯ ಸಂಜೆ ಪೂಜಾರಿ ಆ ಬಿಲ್ಲಿನಿಂದ ಬಾಳೆದಿಂಡಿಗೆ ಬಾಣ ಬಿಟ್ಟ ಮೇಲೆ ಮೊದಲ ವೀಳ್ಯ ಬಿಲ್ಲು ಮಾಡಿದವನಿಗೆ. ಅದು ಅವರ ತಾತನಿಗೂ ತಂದೆಗೂ ಸಂದು, 1951ರಿಂದ ಅವರಿಗೆ ಸಲ್ಲುತ್ತಿತ್ತು. ಅವರಿಗೆ ಬೇರೆ ಯಾವ ಪದವಿಯೂ ಇರಲಿಲ್ಲ.

1972ರ ಜೂನ್ 4, ಭಾನುವಾರ, ಹಯಗ್ರೀವರು ಗುಡಿಯ ಸಮಿತಿಗೆ ಕಾರ್ಯದರ್ಶಿಯಾದರು. ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಗುಡಿಗೆ ಬರುವ ಪ್ರತಿ ವಸ್ತುವಿಗೂ ತಪಾಸಣೆ ಆಗತಕ್ಕದ್ದು, ಬಿಲ್ಲು ತೇರ್ಗಡೆಯಾಗದಿದ್ದಲ್ಲಿ ಕಮರ್ಷಿಯಲ್ ಸ್ಟ್ರೀಟಿನ ಆಟದ ಸಾಮಾನಿನ ಅಂಗಡಿಯಿಂದ ತರಿಸತಕ್ಕದ್ದು ಎಂದು ಅಂದೇ ನಿರ್ಣಯವಾಯಿತು. ಅಂಗಡಿಯ ಬಿಲ್ಲಿಗೆ ವೀಳ್ಯವಿಲ್ಲ. ನಡಾವಳಿ ಬರೆಯುತ್ತಿದ್ದವನು ನಾನಾದ್ದರಿಂದ ದಿನಾಂಕಗಳಿಗೆ ನಾನೇ ಹೊಣೆ.

ಮುನಿಆಂಜನಪ್ಪನವರ ತಪಾಸಣೆಯ ಕ್ರಮ ಬೇರೆ. ಬಾಗಿದರೂ ಮುರಿಯದ ತಡಸಲು ಮರದ ಸೀಳನ್ನು ಕೆತ್ತಿ, ಹೆದೆ ಕಟ್ಟಿ, ಗೋಡೆಯ ಗೂಟದ ಮೇಲೆ ಅಡ್ಡಲಾಗಿ ಕೂರಿಸುವರು. ಹೆದೆಯ ನಡುವಿಗೆ ಗುಂಡುಕಲ್ಲೊಂದನ್ನು ತೂಗುಬಿಟ್ಟು, ಹಿಡಿಯ ಆಚೀಚೆ ಬಾಗಿದ ಬಿಲ್ಲಿನ ಎರಡು ತೋಳುಗಳನ್ನೂ ದೂರ ನಿಂತು ನೋಡುವರು. ಯಾವ ತೋಳು ಕಡಿಮೆ ಬಾಗಿದೆಯೋ ಅದನ್ನು "ಸೋಮಾರಿ" ಎಂದು ಕರೆದು, ಗಾಜಿನ ಚೂರಿನಿಂದ ನಾಲ್ಕು ಸಲ ಹೆರೆದು ಮತ್ತೆ ನೋಡುವರು. ಇದು ಒಂಬತ್ತು ದಿನ ನಡೆಯುತ್ತಿತ್ತು.

1972ರ ಅಕ್ಟೋಬರ್ 8ರಂದು ಹಯಗ್ರೀವರು ವರ್ನಿಯರ್ ಕ್ಯಾಲಿಪರ್ ತಂದರು. ಹಿಡಿಯಿಂದ ಮೇಲಕ್ಕೆ ಒಂಬತ್ತು ಇಂಚು, ಕೆಳಕ್ಕೆ ಒಂಬತ್ತು ಇಂಚು ಅಳೆದು ಪೆನ್ಸಿಲ್ ಗುರುತು ಹಾಕಿದರು. ಆ ಎರಡು ಕಡೆ ಮಾತ್ರ ದಪ್ಪ ನೋಡಿದರು.

"ಏನ್ರೀ ಇದು, ಎರಡು ತೋಳೂ ಸಮ ಇಲ್ವಲ್ರೀ!"

"ಕೆಳಗಿನ್ ತೋಳು ಅರ್ಧ ನೂಲು ದಪ್ಪ ಐತೆ, ಸ್ವಾಮಿ. ಬೇಕಂತ್ಲೇ ಬಿಟ್ಟಿವ್ನಿ." ಬಡಗಿಗಳ ಅರ್ಧ ನೂಲು ಎಂದರೆ ಇಂಚಿನ ಹದಿನಾರನೆಯ ಒಂದು ಭಾಗ. "ಬಾಣ ಕೂರೋದು ನಡೂಮಧ್ಯ. ಹಿಡಿಯೋ ಕೈ ಅದ್ರ ಕೆಳಗೆ. ಕೆಳಗಿನ್ ತೋಳಿಗೆ ಭಾರ ಜಾಸ್ತಿ."

ಕಾರಣವಿದೆಯೆಂದು ತಿಳಿದು ಹಯಗ್ರೀವರು ಸಂತೋಷಪಟ್ಟರು. ಕೂಡಲೇ ನಕ್ಷೆ ಬರೆದು, "ಕೆಳತೋಳು ಅರ್ಧ ನೂಲು ಹೆಚ್ಚು" ಎಂದು ನಮೂದಿಸಿ, ಮೂರು ಪ್ರತಿ ಮಾಡಿಸಿದರು. ಬಿಲ್ಲು ತೇರ್ಗಡೆಯಾಯಿತು.

ಮರುವರ್ಷ, 1973ರ ಸೆಪ್ಟೆಂಬರ್ 23ರಂದು, ಅದೇ ಗುರುತುಗಳಲ್ಲಿ ಅಳೆದಾಗ ಎರಡು ತೋಳೂ ಸರಿಸಮ ಬಂದವು.

"ತಿರಸ್ಕೃತ," ಎಂದರು ಹಯಗ್ರೀವರು.

"ಈ ಸಲದ ಮರ ಬುಡದ ಕಡೆಯಿಂದ ಸೀಳಿದ್ದು, ಸ್ವಾಮಿ. ಬುಡದ ತುದಿ ಕೆಳಕ್ಕೆ ಬಂದೈತೆ, ಕೆಳಗಿನ್ ತೋಳು ತಾನಾಗೇ ಗಟ್ಟಿ. ದಪ್ಪ ಬಿಟ್ರೆ ಬಾಗಾಕಿಲ್ಲ."

"ಹೋದ್ ವರ್ಷ ಹೇಳ್ದೋರು ನೀವೇ ಅಲ್ವೇನ್ರೀ? ಬರ್ದಿಟ್ಟಿದೀನಿ, ನೋಡಿ! ಇನ್ನು ಏಳು ದಿನ ಟೈಮ್ ಕೊಡ್ತೀನಿ. ಆಮೇಲೆ ಅಂಗಡಿಗೆ ಆರ್ಡರ್."

ಮನೆಯಲ್ಲಿ ಮುನಿಆಂಜನಪ್ಪನವರ ಹೆಂಡತಿ ಚಿಕ್ಕಮುನಿಯಮ್ಮ ಕೇಳಿದರು: "ಹೋದ್ ವರ್ಸ ಸಮ ಇಲ್ಲ ಅಂದ. ಈ ವರ್ಸ ಸಮ ಐತೆ ಅಂತಾನೆ. ಆವಯ್ಯನ್ಗೆ ಏನ್ ಬೇಕಂತೆ?"

"ಅರ್ಧ ನೂಲು."

"ಕೊಟ್ಟು ಕಳ್ಸು ಅತ್ಲಾಗೆ!"

ಮುನಿಆಂಜನಪ್ಪನವರು ಮೂಲೆಯಲ್ಲಿದ್ದ ಅದೇ ಮರದ ಉಳಿದ ಸೀಳನ್ನು ಎತ್ತಿಕೊಂಡರು. ಒಂಬತ್ತು ದಿನದ ಕೆಲಸ ಆರು ದಿನದಲ್ಲಿ ಮುಗಿಯಿತು. ಕೊನೆಯ ಸಂಜೆ ಗುಂಡುಕಲ್ಲು ತೂಗುಬಿಟ್ಟಾಗ ಯಾವ ತೋಳೂ ಸೋಮಾರಿಯಾಗಿರಲಿಲ್ಲ.

ಸೆಪ್ಟೆಂಬರ್ 30ರಂದು ಹಯಗ್ರೀವರು ಗುರುತು ಹಾಕಿ ಅಳೆದರು. ಅರ್ಧ ನೂಲು ಕರಾರುವಾಕ್ಕಾಗಿ ಬಂತು. ಬಳಿಕ ಕೆಳತೋಳಿನ ಮೇಲೆ ಬೆರಳಾಡಿಸಿದರು. ಗುರುತಿನ ಜಾಗದಲ್ಲಿ ಮಾತ್ರ ಉಂಗುರದಗಲದ ಒಂದು ಉಬ್ಬಿತ್ತು. ಅದರ ಆಚೆಗೂ ಈಚೆಗೂ ಮರ ತನಗೆ ಬೇಕಾದಷ್ಟೇ ದಪ್ಪವಿತ್ತು.

"ಇದೇನ್ರೀ, ಇಲ್ಲಿ?"

"ಅಳತೆ, ಸ್ವಾಮಿ."

ಹಯಗ್ರೀವರು ಉಬ್ಬನ್ನು ನೋಡಿದರು, ನಕ್ಷೆಯನ್ನು ನೋಡಿದರು. ನಕ್ಷೆಯಲ್ಲಿ ಉಬ್ಬು ಕೂಡದೆಂದು ಬರೆದಿರಲಿಲ್ಲ. ಸಹಿ ಹಾಕಿದರು. ಆ ವಿಜಯದಶಮಿಯಂದು ಪೂಜಾರಿ ಬಿಟ್ಟ ಮೂರು ಬಾಣಗಳೂ ಬಾಳೆದಿಂಡಿನಲ್ಲಿ ನಿಂತವು. ವೀಳ್ಯ ಮುನಿಆಂಜನಪ್ಪನವರಿಗೇ ಸಂದಿತು. ತಟ್ಟೆ ಹಿಡಿದವರು ಹಯಗ್ರೀವರು.

1976ರ ಮೇ 2ರಂದು ಹಯಗ್ರೀವರು ಜೀವನ್ ಬಿಮಾ ನಗರದ ಮಗನ ಮನೆಗೆ ಹೋದರು. ಕ್ಯಾಲಿಪರ್ ಅವರೊಂದಿಗೇ ಹೋಯಿತು, ನಕ್ಷೆಗಳು ಗುಡಿಯಲ್ಲೇ ಉಳಿದವು. ಅನಂತರ ಬಿಲ್ಲನ್ನು ಯಾರೂ ಅಳೆಯಲಿಲ್ಲ. ಆದರೂ ಆ ವರ್ಷದ ಬಿಲ್ಲಿನಲ್ಲೂ ಉಬ್ಬಿತ್ತು. ಚಿಕ್ಕಮುನಿಯಮ್ಮ ಅದನ್ನು ಉಗುರಿನಿಂದ ಕೆರೆದು ನೋಡಿದರು.

"ಆವಯ್ಯ ಒಂಟೋದ್ನಲ್ಲ, ಇನ್ನೂ ಯಾಕೆ ಇದು?"

"ಆವಯ್ಯ ಹೋದ," ಎಂದರು ಮುನಿಆಂಜನಪ್ಪ, ಗಾಜಿನ ಚೂರನ್ನು ಒರೆಸುತ್ತ. "ಕಾಗ್ದ ಮೂರೈತೆ."